ಹಾಸನದಿಂದ ಹೋಗಿ ಒಂದೇ ದಿನದಲ್ಲಿ ಬೆಂಗಳೂರು ನೋಡಿ ಬರುವುದು ಹೇಗೆ: ಕ್ರಿಸ್ಮಸ್ ರಜೆಗೆ ಮನೆಮಂದಿಯ ಸುತ್ತಾಟ, ಹಂತ ಹಂತವಾಗಿ

ಡಿಸೆಂಬರ್ ರಜೆ ಬಂತು ಅಂದರೆ ಹಾಸನದ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡೋಣ, ಮಕ್ಕಳಿಗೆ ಬೆಂಗಳೂರು ತೋರಿಸೋಣ." ಹೋಗಿ ಬಂದವರನ್ನು ಕೇಳಿದರೆ ಕಥೆ ಮಾತ್ರ ಒಂದೇ. ಗೊರಗುಂಟೆಪಾಳ್ಯದಲ್ಲಿ ಟ್ರಾಫಿಕ್, ಪಾರ್ಕಿಂಗ್‌ಗೆ ಅಲೆದಾಟ, ಹೋಟೆಲ್ ಬಾಗಿಲಿಗೆ ಹೋದರೆ "ಟಿಫಿನ್ ಮುಗೀತು ಸಾರ್". ಕೊನೆಗೆ ಯಾವುದೋ ಮಾಲ್‌ನಲ್ಲಿ ಪಿಜ್ಜಾ ತಿಂದು, ನಿದ್ದೆಗಣ್ಣಲ್ಲಿ ವಾಪಸ್.

ಇದಕ್ಕೆ ಕಾರಣ ಒಂದೇ. ಏನು ನೋಡಬೇಕು ಅಂತ ಮೊದಲು ಯೋಚಿಸುತ್ತೀರಿ, ವಾಪಸ್ ಬರೋದು ಹೇಗೆ ಅಂತ ಸಂಜೆ ಆರಕ್ಕೆ ಯೋಚಿಸುತ್ತೀರಿ. ಅದನ್ನು ತಿರುಗಿಸಿ. ವಾಪಸ್ ಬರುವ ದಾರಿ ಮೊದಲು, ಹೋಟೆಲ್‌ಗಳ ಸಮಯ ಆಮೇಲೆ, ನೋಡುವ ಜಾಗ ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳು ಅದೇ ಲೆಕ್ಕದಲ್ಲಿವೆ. ಇಬ್ಬರು ಮಕ್ಕಳು, ಒಬ್ಬರು ಅಜ್ಜಿ ಇರುವ ಐದಾರು ಜನರ ಮನೆಯನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ.

## ಹಂತ 1: ದಿನ ಆರಿಸಿ

ರಜೆ ಸಿಕ್ಕಿತು ಅಂತ ಯಾವ ದಿನ ಬೇಕಾದರೂ ಹೊರಡಬೇಡಿ. ನಮಗೆ ಬೆಂಗಳೂರು ನೋಡುವ ಆಸೆಯಾದರೆ, ಬೆಂಗಳೂರಿನವರಿಗೆ ಅದೇ ರಜೆಯಲ್ಲಿ ಸಕಲೇಶಪುರ, ಚಿಕ್ಕಮಗಳೂರು, ಧರ್ಮಸ್ಥಳಕ್ಕೆ ಬರುವ ಆಸೆ. ಸಾಲು ರಜೆ ಶುರುವಾಗುವ ಹಿಂದಿನ ಸಂಜೆ ಮೆಜೆಸ್ಟಿಕ್‌ನಿಂದ ನಮ್ಮ ಕಡೆಗೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನೆಲಮಂಗಲದವರೆಗೂ ವಾಹನಗಳು ತೆವಳುತ್ತವೆ. ಅದೇ ರಜೆಯ ಕೊನೆಯ ಭಾನುವಾರ ಸಂಜೆ ಎಲ್ಲ ತಿರುಗಾಮುರುಗಾ. ಅವರೆಲ್ಲ ಬೆಂಗಳೂರಿಗೆ ಮರಳುತ್ತಿರುತ್ತಾರೆ, ಹಾಸನದ ಕಡೆಗೆ ದಾರಿ ಖಾಲಿ. ಹಾಗಾಗಿ ನನ್ನ ಮೊದಲ ಆಯ್ಕೆ ಭಾನುವಾರ. ಅದಾಗದಿದ್ದರೆ ಬುಧವಾರ ಅಥವಾ ಗುರುವಾರ.

ವಾರದ ರಜೆಗಳನ್ನೂ ನೋಡಿಕೊಳ್ಳಿ. ಸೋಮವಾರ ನೆಹರೂ ತಾರಾಲಯ ಮುಚ್ಚಿರುತ್ತದೆ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಕೂಡ ರಜೆ. ಮಂಗಳವಾರ ಬನ್ನೇರುಘಟ್ಟ ಇಲ್ಲ. ಶುಕ್ರವಾರ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಇಲ್ಲ. ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಲ್ಲ.

ಡಿಸೆಂಬರ್ 31 ಮಾತ್ರ ಬೇಡವೇ ಬೇಡ. ಸಂಜೆಯಾದರೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಕಡೆ ಪೊಲೀಸರು ವಾಹನ ತಡೆಯುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ಹೋಗುವ ದಿನ ಅದಲ್ಲ.

ಇನ್ನೊಂದು ಮಾತು. ಕಡಲೆಕಾಯಿ ಪರಿಷೆ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ಎರಡನ್ನೂ ನೋಡಿಬಿಡೋಣ ಅಂತ ಹೊರಡುವವರಿದ್ದಾರೆ. ಪರಿಷೆ ನಡೆಯೋದು ಕಾರ್ತಿಕದ ಕೊನೆ ಸೋಮವಾರ, ಪ್ರದರ್ಶನ ಜನವರಿ ಮತ್ತು ಆಗಸ್ಟ್‌ನಲ್ಲಿ. ಕ್ರಿಸ್ಮಸ್ ರಜೆಗೆ ಎರಡೂ ಸಿಗುವುದಿಲ್ಲ.

## ಹಂತ 2: ವಾಪಸ್ ಬರುವುದನ್ನು ಮೊದಲು ಗೊತ್ತು ಮಾಡಿ

ನಿಮಗಿರುವುದು ಎರಡು ದಾರಿ.

ಒಂದು, ಹೋಗೋದೂ ಬರೋದೂ ರೈಲು. ಬೆಳಿಗ್ಗೆ ಹಾಸನದಿಂದ ಯಶವಂತಪುರಕ್ಕೆ ಹೋಗಿ ಸಂಜೆ ಮರಳುವ ಇಂಟರ್‌ಸಿಟಿ ಇದೆ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಸುಮಾರು ಮೂರು ಗಂಟೆ ದಾರಿ. ಎದ್ದು ಓಡಾಡಬಹುದು, ಶೌಚಾಲಯ ಇದೆ. ಮೂರು ನಾಲ್ಕು ವರ್ಷದ ಮಗು ಇದ್ದರೆ ಇದೇ ಸರಿ. ಆದರೆ ಸಂಜೆ ಬೇಗ ಯಶವಂತಪುರಕ್ಕೆ ಬಂದು ನಿಲ್ಲಬೇಕು. ಸಂಜೆಯ ವಿ.ವಿ. ಪುರದ ತಿಂಡಿ ಬೀದಿ (ಹಂತ 9) ಕೈತಪ್ಪುತ್ತದೆ.

ಎರಡು, ಹೋಗೋದು ರೈಲು, ಬರೋದು ಬಸ್ಸು. ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ನಾನು ಹೇಳೋದು ಇದನ್ನೇ. ಊಟ ತಿಂಡಿ ಮುಗಿಸಿ ಎಂಟರ ಹೊತ್ತಿಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಬಹುದು.

ರೈಲಿನ ಟಿಕೆಟ್ 60 ದಿನ ಮೊದಲೇ ಬುಕ್ ಮಾಡಬಹುದು. ತಡವಾದರೆ ಹಿಂದಿನ ದಿನ ತತ್ಕಾಲ್ ನೋಡಿ. ಎಸಿ ಬೆಳಿಗ್ಗೆ 10ಕ್ಕೆ, ಉಳಿದವು 11ಕ್ಕೆ ಶುರು. ಸಮಯ ಆಗಾಗ ಬದಲಾಗುತ್ತದೆ, ಹೊರಡುವ ಹಿಂದಿನ ರಾತ್ರಿ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಬಸ್ಸಿಗೆ ಶಕ್ತಿ ಯೋಜನೆ ಇದ್ದೇ ಇದೆ ಅಲ್ವಾ. ಸಾಮಾನ್ಯ ಬಸ್ಸು, ವೇಗದೂತದಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ರಾಜಹಂಸ, ಐರಾವತಕ್ಕೆ ಪೂರ್ತಿ ದುಡ್ಡು. ಇಲ್ಲಿ ಪದೇ ಪದೇ ಆಗುವ ತಪ್ಪು ಏನು ಗೊತ್ತಾ? ಎಲ್ಲರ ಆಧಾರ್ ಕಾರ್ಡೂ ಒಬ್ಬರ ಪರ್ಸಿನಲ್ಲಿ. ಜನಸಂದಣಿಯಲ್ಲಿ ಅತ್ತೆ ಮುಂದಿನ ಬಾಗಿಲಲ್ಲಿ, ಪರ್ಸು ಹಿಂದಿನ ಬಾಗಿಲಲ್ಲಿ. ಅವರವರ ಕಾರ್ಡು ಅವರವರ ಹತ್ತಿರವೇ ಇರಲಿ.

## ಹಂತ 3: ಚೀಲ ಜೋಡಿಸಿ

ಹಾಸನದಲ್ಲಿ ಬೆಳಗಿನ ಜಾವ ಮಂಜು, ಸ್ವೆಟರ್, ಟೋಪಿ ಎಲ್ಲ ಬೇಕು. ಮಧ್ಯಾಹ್ನ ಬೆಂಗಳೂರಿನಲ್ಲಿ 26, 27 ಡಿಗ್ರಿ. ಆಗ ಐದು ಜನರ ದಪ್ಪ ಸ್ವೆಟರ್ ಹೊತ್ತುಕೊಂಡು ತಿರುಗುವವರು ಯಾರು? ದಪ್ಪದ್ದು ಒಂದರ ಬದಲು ತೆಳ್ಳಗಿನದು ಎರಡು ಹಾಕಿಸಿ. ಬಿಚ್ಚಿದ್ದನ್ನು ತುಂಬಲು ಒಂದು ಖಾಲಿ ಬಟ್ಟೆ ಚೀಲ ಇಟ್ಟುಕೊಳ್ಳಿ.

ಇನ್ನು ಬೇಕಾದ್ದು ಇಷ್ಟೇ. ಸ್ಟೀಲ್ ನೀರಿನ ಬಾಟಲಿ, ಪವರ್ ಬ್ಯಾಂಕ್, ಅಜ್ಜಿಯ ಮಾತ್ರೆ, ಒದ್ದೆ ಬಟ್ಟೆ, ವಾಂತಿಯಾಗುವ ಮಕ್ಕಳಿಗೆ ಕವರ್, ಸ್ವಲ್ಪ ಚಿಲ್ಲರೆ. ಪ್ರತಿ ಮಗುವಿನ ಜೇಬಿನಲ್ಲಿ ಇಬ್ಬರು ದೊಡ್ಡವರ ಫೋನ್ ನಂಬರ್ ಬರೆದ ಚೀಟಿ.

ಚಿತ್ರಾನ್ನ, ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಬೇಡ ಅನ್ನೋದಿಲ್ಲ. ಆದರೆ ರೈಲಿನಲ್ಲೇ ಖಾಲಿ ಮಾಡಿ. ಹೊರಗಿನ ಊಟವನ್ನು ಲಾಲ್‌ಬಾಗ್ ಒಳಗೆ ಬಿಡುವುದಿಲ್ಲ, ಮೆಟ್ರೋ ಒಳಗೆ ತಿನ್ನುವ ಹಾಗಿಲ್ಲ. ಸುಮ್ನೆ ಡಬ್ಬಿ ಹೊತ್ತು ತಿರುಗುವುದಷ್ಟೇ ಆಗುತ್ತದೆ. ಮತ್ತೆ, ರೈಲಿನಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ಮಲ್ಲೇಶ್ವರದ ಟಿಫಿನ್ ಕಾಯುತ್ತಿದೆ.

## ಹಂತ 4: ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿ

ಇಡೀ ದಿನ ಹಾಳಾಗುವುದೂ, ಸರಿಯಾಗುವುದೂ ಈ ಹಂತದಲ್ಲೇ. ನಿಧಾನವಾಗಿ ಓದಿ.

ಮೆಟ್ರೋ ಇರುವುದು ರೈಲು ನಿಲ್ದಾಣದ ತುಮಕೂರು ರಸ್ತೆ ಬದಿಗೆ. ಜನ ಹೋಗುತ್ತಿದ್ದಾರೆ ಅಂತ ಅವರ ಹಿಂದೆ ಹೋಗಿ ಇನ್ನೊಂದು ಬದಿಗೆ ಇಳಿದರೆ ಸುತ್ತಿ ಬರಬೇಕು, ಆಟೋದವರು ಮುತ್ತಿಕೊಳ್ಳುತ್ತಾರೆ. ಸೇತುವೆ ಹತ್ತುವ ಮೊದಲೇ "ಮೆಟ್ರೋ ಯಾವ ಕಡೆ" ಅಂತ ಕೇಳಿ.

ಬಸ್ಸಿನಲ್ಲಿ ಬಂದವರು ಮೆಜೆಸ್ಟಿಕ್‌ವರೆಗೂ ಕೂರಬೇಡಿ. ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲಿ ಇಳಿದುಬಿಡಿ, ಎರಡೂ ಕಡೆ ಮೆಟ್ರೋ ಇದೆ. ಬಸ್ಸು ಫ್ಲೈಓವರ್ ಮೇಲೆ ಹೋಗುತ್ತದಾ, ಕೆಳಗೆ ಹೋಗುತ್ತದಾ ಅಂತ ಕಂಡಕ್ಟರ್‌ಗೆ ನೆಲಮಂಗಲದಲ್ಲೇ ಕೇಳಿ. ಭಾನುವಾರ ಮೆಟ್ರೋ ಶುರುವಾಗುವುದು ಬೆಳಿಗ್ಗೆ 7ಕ್ಕೆ. ತೀರಾ ಬೇಗ ಬಂದರೂ ಉಪಯೋಗವಿಲ್ಲ.

ಟಿಕೆಟ್‌ಗೆ ಕೌಂಟರ್‌ನಲ್ಲಿ ಸಾಲು ನಿಲ್ಲಬೇಕಿಲ್ಲ. ನಮ್ಮ ಮೆಟ್ರೋ ಆ್ಯಪ್‌ನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಕ್ಯೂಆರ್ ಟಿಕೆಟ್ ಸಿಗುತ್ತದೆ. ಆರು ಜನರವರೆಗೆ ಒಂದೇ ಟಿಕೆಟ್ ತೆಗೆಯಬಹುದು. ಆದರೆ ಆಗ ಎಲ್ಲರೂ ಒಟ್ಟಿಗೇ ಒಳಗೆ, ಒಟ್ಟಿಗೇ ಹೊರಗೆ. ಮಧ್ಯದಲ್ಲಿ ಗುಂಪು ಒಡೆಯುವ ಯೋಚನೆ ಇದ್ದರೆ ಬೇರೆ ಬೇರೆ ತೆಗೆಯಿರಿ. 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಒಬ್ಬರಿಗೆ ಒಂದು ಸಲಕ್ಕೆ 10ರಿಂದ 90 ರೂಪಾಯಿ ಆಗಿದೆ. ಐದು ಜನ, ನಾಲ್ಕೈದು ಸಲ ಹತ್ತಿ ಇಳಿದರೆ ಸಣ್ಣ ಖರ್ಚಲ್ಲ, ಲೆಕ್ಕದಲ್ಲಿಟ್ಟುಕೊಳ್ಳಿ. ಟೋಕನ್ ತೆಗೆದುಕೊಂಡರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಇಳಿಯುವಾಗ ಅದನ್ನು ಗೇಟಿನಲ್ಲಿ ಹಾಕಿದರೆ ಮಾತ್ರ ಹೊರಗೆ ಬಿಡುತ್ತದೆ.

ನಿಮಗೆ ಬೇಕಾದ ಮಾರ್ಗ ಎರಡೇ. ಹಸಿರು ಮಾರ್ಗದಲ್ಲಿ ಮಲ್ಲೇಶ್ವರ, ಮೆಜೆಸ್ಟಿಕ್, ಲಾಲ್‌ಬಾಗ್ ಕಡೆಗೆ "ರೇಷ್ಮೆ ಸಂಸ್ಥೆ" ರೈಲು, ಯಶವಂತಪುರದ ಕಡೆಗೆ ವಾಪಸ್ ಬರಲು "ಮಾದಾವರ" ರೈಲು. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಕಡೆಗೆ "ವೈಟ್‌ಫೀಲ್ಡ್", ಮೆಜೆಸ್ಟಿಕ್ ಕಡೆಗೆ "ಚಲ್ಲಘಟ್ಟ". ನಿಲ್ದಾಣದ ಹೆಸರು ಹುಡುಕುತ್ತಾ ನಿಂತರೆ ಗಲಿಬಿಲಿ, ಕೊನೆಯ ನಿಲ್ದಾಣದ ಹೆಸರು ನೋಡಿ.

ಈಗ ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸಬೇಕಾದ ನಿಯಮ. ಬಾಗಿಲು ಮುಚ್ಚಿ ಯಾರಾದರೂ ಪ್ಲಾಟ್‌ಫಾರಂನಲ್ಲೇ ಉಳಿದರೆ, ಅವರು ನಿಂತ ಜಾಗ ಬಿಟ್ಟು ಅಲುಗಾಡಬಾರದು. ರೈಲಿನಲ್ಲಿರುವವರಲ್ಲಿ ಒಬ್ಬ ದೊಡ್ಡವರು ಮುಂದಿನ ನಿಲ್ದಾಣದಲ್ಲಿ ಇಳಿದು ಎದುರು ರೈಲಿನಲ್ಲಿ ವಾಪಸ್ ಬರಬೇಕು. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟರೆ ಮೆಜೆಸ್ಟಿಕ್‌ನಂಥ ಕಡೆ ಕಥೆ ಮುಗಿಯಿತು.

## ಹಂತ 5: ಮಲ್ಲೇಶ್ವರದಲ್ಲಿ ಟಿಫಿನ್

ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿಯಿರಿ. ಬೆಣ್ಣೆ ಮಸಾಲೆ ದೋಸೆಗೆ ಮಾರ್ಗೋಸಾ ರಸ್ತೆ 7ನೇ ಕ್ರಾಸ್‌ನ ಸಿ.ಟಿ.ಆರ್., ಇಡ್ಲಿಗೆ 15ನೇ ಕ್ರಾಸ್‌ನ ವೀಣಾ ಸ್ಟೋರ್ಸ್. ಅಜ್ಜಿ ಇದ್ದರೆ ಆಟೋ ಹಿಡಿಯಿರಿ, ನಡೆಸಬೇಡಿ.

ಹಾಸನದವರು ಎಡವುವುದು ಇಲ್ಲಿಯೇ. ಬೆಂಗಳೂರಿನ ಹಳೆಯ ಟಿಫಿನ್ ಹೋಟೆಲ್‌ಗಳು ದಿನವಿಡೀ ತೆರೆದಿರುವುದಿಲ್ಲ. ಬೆಳಗಿನ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಬಾಗಿಲು ಎಳೆದರೆ ಮತ್ತೆ ಸಂಜೆ ಕಡೆಗೆ. "ಮೊದಲು ಏನಾದರೂ ನೋಡಿಕೊಂಡು ಆಮೇಲೆ ದೋಸೆ ತಿನ್ನೋಣ" ಅಂದವರಿಗೆ ಸಿಗುವುದು ಮುಚ್ಚಿದ ಬಾಗಿಲು. ಮೊದಲು ದೋಸೆ, ಆಮೇಲೆ ಊರು.

ಭಾನುವಾರ ಹೊರಗೆ ಸಾಲು ಇದ್ದೇ ಇರುತ್ತದೆ. ಐದು ಜನಕ್ಕೆ ಒಂದೇ ಟೇಬಲ್ ಬೇಕು ಅಂತ ಹಟ ಹಿಡಿದರೆ ಕಾಯುವುದು ಇನ್ನೂ ಜಾಸ್ತಿ. ಇಬ್ಬರು ಅಲ್ಲಿ, ಮೂವರು ಇಲ್ಲಿ ಕೂರಲು ಒಪ್ಪಿ, ಬೇರೆಯವರ ಜೊತೆ ಟೇಬಲ್ ಹಂಚಿಕೊಳ್ಳಿ. ನೀವು ತಿನ್ನುತ್ತಿರುವಾಗ ಬೆನ್ನ ಹಿಂದೆ ಯಾರಾದರೂ ಬಂದು ನಿಂತರೆ ಬೇಜಾರಾಗಬೇಡಿ, ಅಲ್ಲಿನ ಪದ್ಧತಿಯೇ ಹಾಗೆ. ವೀಣಾ ಸ್ಟೋರ್ಸ್‌ನಲ್ಲಿ ನಿಂತೇ ತಿನ್ನಬೇಕು. ಮಂಡಿನೋವಿನವರಿಗೆ ಅದು ಬೇಡ.

ಒಬ್ಬರಿಗೆ ಒಂದು ದೋಸೆ, ಒಂದು ಕಾಫಿ. ಅಲ್ಲಿಗೆ ನಿಲ್ಲಿಸಿ. ಎರಡು ದೋಸೆ ತಿಂದ ಮಗು ಮ್ಯೂಸಿಯಂನಲ್ಲಿ ತೂಕಡಿಸುತ್ತದೆ.

ಎಚ್ಚರಿಕೆಯ ಗಂಟೆ: ಹನ್ನೊಂದೂವರೆಗೂ ನೀವು ಮಲ್ಲೇಶ್ವರದಲ್ಲೇ ಇದ್ದರೆ, ಮುಂದಿನ ಎರಡು ಜಾಗಗಳಲ್ಲಿ ಒಂದನ್ನು ಕೈಬಿಡಿ. ಎರಡನ್ನೂ ಅರ್ಧರ್ಧ ನೋಡುವ ಆಸೆ ಬೇಡ.

## ಹಂತ 6: ಬಿಸಿಲಿನ ಹೊತ್ತು ಮ್ಯೂಸಿಯಂ ಒಳಗೆ

ಸಂಪಿಗೆ ರಸ್ತೆಯಿಂದ ಮುಂದಿನ ನಿಲ್ದಾಣವೇ ಮೆಜೆಸ್ಟಿಕ್. ಅಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಿ. ಗೇಟಿನಿಂದ ಹೊರಗೆ ಹೋಗಬೇಡಿ, ಒಳಗಿನಿಂದಲೇ ಎಸ್ಕಲೇಟರ್‌ನಲ್ಲಿ ಮಹಡಿ ಬದಲಾಯಿಸಬೇಕು. ಎಸ್ಕಲೇಟರ್ ಅಭ್ಯಾಸವಿಲ್ಲದ ಹಿರಿಯರಿಗೆ ಲಿಫ್ಟ್ ಇದೆ, ಸೀರೆಯ ಅಂಚಿನ ಭಯವೂ ಇರುವುದಿಲ್ಲ. ಮೂರನೇ ನಿಲ್ದಾಣ ಕಬ್ಬನ್ ಪಾರ್ಕ್.

ಅಲ್ಲಿಂದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಮಕ್ಕಳಿರುವ ಮನೆಗೆ ನಾನು ಇದನ್ನೇ ಹೇಳೋದು. ವಾರದ ರಜೆ ಇಲ್ಲ, ಬಿಸಿಲಿಲ್ಲ, ಮುಟ್ಟಿ ಒತ್ತಿ ತಿರುಗಿಸಿ ನೋಡುವ ವಸ್ತುಗಳು ಬೇಕಾದಷ್ಟಿವೆ. ಕೆಳಗಿನ ಇಂಜಿನ್ ಹಾಲ್, ಆಮೇಲೆ ಮೋಜಿನ ವಿಜ್ಞಾನದ ವಿಭಾಗ, ಇವೆರಡನ್ನು ಚೆನ್ನಾಗಿ ನೋಡಿ. ಎಲ್ಲ ಮಹಡಿ ಮುಗಿಸಲೇಬೇಕು ಅಂತ ಓಡಿಸಬೇಡಿ. ಎರಡು ಗಂಟೆ ಸಾಕು. ಮೂರನೇ ಗಂಟೆಗೆ ಮಕ್ಕಳು ಗುಂಡಿ ಒತ್ತುತ್ತಾರೆ, ಏನಾಯಿತು ಅಂತ ನೋಡುವುದಿಲ್ಲ. ಅದೇ ಹೊರಡುವ ಸೂಚನೆ.

ತಾರಾಲಯವನ್ನೂ ಸೇರಿಸೋಣ ಅನ್ನಿಸಬಹುದು. ಕನ್ನಡದ ಪ್ರದರ್ಶನದ ಸಮಯ ನಿಮ್ಮ ದಿನಕ್ಕೆ ಹೊಂದಿದರೆ ಮ್ಯೂಸಿಯಂ ಬದಲು ಅಲ್ಲಿಗೆ ಹೋಗಿ. ಎರಡೂ ಬೇಡ. ವಿಧಾನಸೌಧ ನೋಡಲೇಬೇಕು ಅಂತ ಅಜ್ಜಿ ಹೇಳಿದರೆ ವಾಪಸ್ ಬರುವಾಗ ವಿಧಾನಸೌಧ ನಿಲ್ದಾಣದಲ್ಲಿ ಇಳಿದು, ರಸ್ತೆ ಬದಿಯಲ್ಲಿ ಫೋಟೊ ತೆಗೆದು ಮತ್ತೆ ಮೆಟ್ರೋ ಹತ್ತಿ.

## ಹಂತ 7: ಮಧ್ಯಾಹ್ನ ಕಡಿಮೆ ತಿನ್ನಿ

ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಲ್ಲಿ ಬಾಳೆಎಲೆ ಮೇಲೆ ಆಂಧ್ರ ಊಟ ಸಿಗುತ್ತದೆ ಅಂತ ಗಂಡಸರು ಎಳೆಯುತ್ತಾರೆ. ಊಟ ಚೆನ್ನಾಗಿದೆ, ಸಮಯ ಸರಿಯಿಲ್ಲ. ಅಲ್ಲಿ ಕೂತರೆ ಲಾಲ್‌ಬಾಗ್‌ನಲ್ಲಿ ಹುಲ್ಲಿನ ಮೇಲೆ ನಿದ್ದೆ. ಹತ್ತಿರದ ಯಾವುದಾದರೂ ದರ್ಶಿನಿಯಲ್ಲಿ ಮೊಸರನ್ನ, ಮಕ್ಕಳಿಗೆ ಪೂರಿ, ಅಷ್ಟು ಸಾಕು. ದೊಡ್ಡವರು ಸ್ವಲ್ಪ ಕೂತು ಕಾಲು ಚಾಚಬೇಕು ಅಂದರೆ ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿ ಕುಡಿಯುವ ಜಾಗಗಳಿವೆ.

## ಹಂತ 8: ಮೂರೂವರೆಗೆ ಲಾಲ್‌ಬಾಗ್

ಮತ್ತೆ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗದಲ್ಲಿ ನಾಲ್ಕನೇ ನಿಲ್ದಾಣ ಲಾಲ್‌ಬಾಗ್. ಪಶ್ಚಿಮ ದ್ವಾರ ಹತ್ತಿರವೇ ಇದೆ. ಗೇಟಿನಲ್ಲಿ ಟಿಕೆಟ್ ಇದೆ, ಪ್ಲಾಸ್ಟಿಕ್ ಚೀಲ ಇದ್ದರೆ ತಕರಾರೂ ಇದೆ.

ತೋಟ 240 ಎಕರೆ. ಪೂರ್ತಿ ಸುತ್ತುವ ಮಾತೇ ಬೇಡ. ಗಾಜಿನ ಮನೆ, ಬಂಡೆ, ಕೆರೆ ಈ ಮೂರರಲ್ಲಿ ಎರಡನ್ನು ಆರಿಸಿ. ಮಕ್ಕಳಿಗೆ ಬಂಡೆ ತಪ್ಪಿಸಬೇಡಿ. ಕೆಂಪೇಗೌಡರ ಗೋಪುರದ ಹತ್ತಿರ ಹತ್ತಿದರೆ ಊರೆಲ್ಲ ಕಾಣುತ್ತದೆ. ಹಿರಿಯರಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ರಜಾದಿನ ಅದಕ್ಕೂ ಸಾಲು. ಅಜ್ಜಿಗೆ ಅದೂ ಬೇಡ ಅಂದರೆ ಗಾಜಿನ ಮನೆಯ ಹತ್ತಿರ ಬೆಂಚಿನ ಮೇಲೆ ಕೂರಿಸಿ, ಒಬ್ಬರು ಜೊತೆಗಿರಿ.

ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಐದೂವರೆಗೆ ಗುಂಪನ್ನು ಪಶ್ಚಿಮ ದ್ವಾರದ ಕಡೆ ತಿರುಗಿಸಿ. ಒಳಗೆ ಬಂದ ದ್ವಾರದಲ್ಲೇ ಹೊರಗೆ ಹೋಗಿ. ಬೇರೆ ದ್ವಾರದಲ್ಲಿ ಹೊರಬಿದ್ದರೆ ಮೆಟ್ರೋ ದೂರ, ಕತ್ತಲಲ್ಲಿ ದಿಕ್ಕೂ ತಪ್ಪುತ್ತದೆ. ಹೊರಡುವ ಮೊದಲು ಎಲ್ಲರನ್ನೂ ಶೌಚಾಲಯಕ್ಕೆ ಕಳಿಸಿ, "ಬೇಡ" ಅಂದ ಮಕ್ಕಳನ್ನೂ ಸೇರಿಸಿ. ಮುಂದಿನ ಜಾಗದಲ್ಲಿ ಅದು ಕಷ್ಟ.

## ಹಂತ 9: ವಿ.ವಿ. ಪುರದ ತಿಂಡಿ ಬೀದಿ

ಸಜ್ಜನ್ ರಾವ್ ಸರ್ಕಲ್ ಹತ್ತಿರದ ಈ ಬೀದಿ ಬಿಸಿಯಾಗುವುದು ಸಂಜೆಯ ಮೇಲೆ. ಲಾಲ್‌ಬಾಗ್‌ನಿಂದ ಆಟೋದಲ್ಲಿ ಹೋಗಿ. ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಬಾಯಿಗೆ ಬಂದಷ್ಟು ಕೇಳಿದರೆ ನಮ್ಮ ಯಾತ್ರಿ ಆ್ಯಪ್‌ನಲ್ಲಿ ಕರೆಯಿರಿ. ಐದು ಜನಕ್ಕೆ ಎರಡು ಆಟೋ ಬೇಕು. ಎರಡರಲ್ಲೂ ಫೋನ್ ಇರುವ ಒಬ್ಬ ದೊಡ್ಡವರು, ಇಳಿಯುವ ಜಾಗ "ಸಜ್ಜನ್ ರಾವ್ ಸರ್ಕಲ್" ಅಂತ ಇಬ್ಬರಿಗೂ ಗೊತ್ತಿರಲಿ.

ತಿನ್ನುವ ಕ್ರಮ ಹೀಗಿರಲಿ. ಮೊದಲು ಬೀದಿಯ ಈ ತುದಿಯಿಂದ ಆ ತುದಿಗೆ ಏನೂ ಕೊಳ್ಳದೆ ಒಮ್ಮೆ ನಡೆಯಿರಿ. ಮೊದಲ ಅಂಗಡಿಯಲ್ಲೇ ನಾಲ್ಕು ಪ್ಲೇಟ್ ತೆಗೆದುಕೊಂಡವರು ಹತ್ತನೇ ಅಂಗಡಿಯಲ್ಲಿ ಪೇಚಾಡುತ್ತಾರೆ. ವಾಪಸ್ ಬರುತ್ತಾ ಖಾರದ್ದು ಮೊದಲು, ಒಬ್ಬಟ್ಟು ಆಮೇಲೆ, ಗುಲ್ಕನ್ ಕೊನೆಗೆ. ಪ್ರತಿಯೊಂದೂ ಒಂದು ಪ್ಲೇಟ್, ಎಲ್ಲರೂ ಹಂಚಿಕೊಂಡು. ಅಲ್ಲೇ ಇರುವ ವಿ.ಬಿ. ಬೇಕರಿಯ ಕಾಂಗ್ರೆಸ್ ಬನ್ ಕಟ್ಟಿಸಿಕೊಳ್ಳಿ, ಬಸ್ಸಿನಲ್ಲಿ ಮಕ್ಕಳಿಗೆ ಆಗುತ್ತದೆ.

ಇದು ಅವರೆಕಾಯಿ ಕಾಲ. ವರ್ಷಾಂತ್ಯದಿಂದ ಜನವರಿಯವರೆಗೆ ಅವರೆಬೇಳೆ ಮೇಳವೂ ಈ ಭಾಗದಲ್ಲಿ ನಡೆಯುತ್ತದೆ. ಈಚೆಗೆ ನ್ಯಾಷನಲ್ ಕಾಲೇಜು ಮೈದಾನದಲ್ಲಿ ನಡೆದದ್ದೂ ಉಂಟು, ಆ ವರ್ಷದ ದಿನಾಂಕ, ಜಾಗ ನೋಡಿಕೊಂಡು ಹೋಗಿ. ಒಂದು ಮಾತು ಹೇಳಿಬಿಡುತ್ತೇನೆ. ಸೊಗಡಿನ ಅವರೆಕಾಯಿ ಸಾರು ಹಾಸನದ ಅಡುಗೆಮನೆಯಲ್ಲಿ ಆಗುವ ಹಾಗೆ ಅಲ್ಲಿ ಆಗುವುದಿಲ್ಲ. ಹಿದುಕಿದ ಬೇಳೆಯ ದೋಸೆ, ಅವರೆಬೇಳೆ ಜಿಲೇಬಿ ತರಹ ಮನೆಯಲ್ಲಿ ಮಾಡದ್ದನ್ನು ತಿನ್ನಿ.

ಬಿಸಿಯಾಗಿ ಕಣ್ಣೆದುರು ಕಾಯಿಸಿ ಕೊಟ್ಟದ್ದು ಮಾತ್ರ. ಮೊದಲೇ ಮಾಡಿಟ್ಟು ತಣ್ಣಗಾದದ್ದು, ತೆರೆದಿಟ್ಟ ಚಟ್ನಿ, ಕೊಯ್ದಿಟ್ಟ ಹಣ್ಣು ಬೇಡ. ಮುಂದೆ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಬೇಕು, ಹೊಟ್ಟೆ ಕೈಕೊಟ್ಟರೆ ಯಡಿಯೂರಿನವರೆಗೆ ನಿಲ್ಲಿಸಿ ಅಂತ ಕೇಳುವುದೇ ಆಗುತ್ತದೆ.

## ಹಂತ 10: ಏಳೂವರೆಗೆ ಕೈತೊಳೆಯಿರಿ

ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣಕ್ಕೆ ಬಂದು "ಮಾದಾವರ" ರೈಲು ಹತ್ತಿದರೆ ಮೂರನೇ ನಿಲ್ದಾಣ ಮೆಜೆಸ್ಟಿಕ್. ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಬಿ.ಎಂ.ಟಿ.ಸಿ. ಬೇರೆ, ಕೆ.ಎಸ್.ಆರ್.ಟಿ.ಸಿ. ಬೇರೆ. ಕೆಂಪು ಬಸ್ಸು ನೋಡಿ ಓಡಬೇಡಿ, ಹಾಸನದ ಪ್ಲಾಟ್‌ಫಾರಂ ಯಾವುದು ಅಂತ ವಿಚಾರಣೆಯಲ್ಲಿ ಕೇಳಿ.

ಮಂಗಳೂರು, ಧರ್ಮಸ್ಥಳದ ರಾತ್ರಿ ಬಸ್ಸುಗಳೂ ಹಾಸನದ ಮೇಲೆಯೇ ಹೋಗುತ್ತವೆ. ಆದರೆ ದೂರದ ಬಸ್ಸಿನವರು ಹಾಸನದವರನ್ನು ಹತ್ತಿಸಿಕೊಳ್ಳುವುದು ಅವರಿಗೆ ಸೀಟು ಉಳಿದರೆ ಮಾತ್ರ. ಜನ ಜಾಸ್ತಿ ಇದ್ದರೆ ಆಸೆ ಬಿಟ್ಟು ಹಾಸನದ ಬಸ್ಸಿಗೇ ಕಾಯಿರಿ. ಒಬ್ಬರು ಮುಂದೆ ಹೋಗಿ ಸೀಟು ನೋಡಲಿ, ಉಳಿದವರು ಚೀಲದ ಜೊತೆ ಒಂದೇ ಕಡೆ ನಿಂತಿರಲಿ. ಹತ್ತಿದ ಕೂಡಲೇ ಬಟ್ಟೆ ಚೀಲದಿಂದ ಸ್ವೆಟರ್ ಹೊರಗೆ ತೆಗೆಯಿರಿ. ಕುಣಿಗಲ್ ದಾಟಿದ ಮೇಲೆ ಕಿಟಕಿ ಸಂದಿಯಿಂದ ಗಾಳಿ ಕೊರೆಯುತ್ತದೆ.

ಹಾಸನ ಮುಟ್ಟುವಾಗ ಮಧ್ಯರಾತ್ರಿ ಹತ್ತಿರ. ಬಸ್ ಸ್ಟ್ಯಾಂಡಿಗೆ ಯಾರು ಬರುತ್ತಾರೆ, ಇಲ್ಲವೇ ಪರಿಚಯದ ಆಟೋ ಯಾವುದು ಅಂತ ಬೆಳಿಗ್ಗೆಯೇ ಹೇಳಿಟ್ಟಿರಿ.

## ಕಾರಿನಲ್ಲೇ ಹೋಗುತ್ತೇವೆ ಅನ್ನುವವರಿಗೆ

ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ. ಬೆಳಗಿನ ಜಾವ ಎದ್ದು ಓಡಿಸಿದವರೇ ಊರೆಲ್ಲ ಸುತ್ತಿ ರಾತ್ರಿ ಮತ್ತೆ ಓಡಿಸಬೇಕು. ಇನ್ನೊಬ್ಬ ಡ್ರೈವರ್ ಇಲ್ಲದಿದ್ದರೆ ಬೇಡ. ಹೋಗಲೇಬೇಕು ಅಂದರೆ ಕಾರನ್ನು ಊರೊಳಗೆ ತರಬೇಡಿ. ನಾಗಸಂದ್ರದಲ್ಲಿ ಬಿಟ್ಟು ಮೆಟ್ರೋ ಹತ್ತಿ, ಮೇಲಿನ ಹಂತಗಳೇ ಮುಂದುವರಿಯುತ್ತವೆ. ವಾಪಸ್ ಬರುವಾಗ ಓಡಿಸುವವರು ಆಕಳಿಸಲು ಶುರು ಮಾಡಿದರೆ ಬೆಳ್ಳೂರು ಕ್ರಾಸ್‌ನಲ್ಲಿ ನಿಲ್ಲಿಸಿ. ಮಂಜು ಕವಿದಿದ್ದರೆ ಹೈ ಬೀಮ್ ಹಾಕಬೇಡಿ, ಎದುರಿಗೆ ಬೆಳ್ಳಗಿನ ಗೋಡೆಯಷ್ಟೇ ಕಾಣುತ್ತದೆ.

## ಚಿಕ್ಕಮಗಳೂರಿನಿಂದ ಹೊರಡುವವರಿಗೆ

ಅಲ್ಲಿಂದ ರಸ್ತೆ ಸುಮಾರು 245 ಕಿ.ಮೀ. ಒಂದೇ ದಿನದಲ್ಲಿ ಮಕ್ಕಳ ಜೊತೆ ಹೋಗಿ ಬರುವುದು ನನಗಂತೂ ಒಪ್ಪಿಗೆಯಿಲ್ಲ. ಹಿಂದಿನ ಸಂಜೆಯೇ ಹಾಸನಕ್ಕೋ ಅರಸೀಕೆರೆಗೋ ಬಂದು ನೆಂಟರ ಮನೆಯಲ್ಲಿ ಮಲಗಿ. ಅರಸೀಕೆರೆ ಜಂಕ್ಷನ್‌ನಿಂದ ಬೆಂಗಳೂರಿನ ಕಡೆಗೆ ರೈಲುಗಳು ಜಾಸ್ತಿ, ಅವುಗಳಲ್ಲಿ ಯಶವಂತಪುರದಲ್ಲಿ ನಿಲ್ಲುವುದನ್ನೇ ಆರಿಸಿ. ಅಲ್ಲಿಂದ ಹಂತ 4. ವಾಪಸ್ ಬರಲು ಹಂತ 9ನ್ನು ಬಿಟ್ಟು, ಲಾಲ್‌ಬಾಗ್‌ನಿಂದ ನೇರವಾಗಿ ಯಶವಂತಪುರಕ್ಕೆ ಬನ್ನಿ. ನೆಂಟರು ಇಲ್ಲದಿದ್ದರೆ ರಾತ್ರಿ ಬಸ್ಸಿನಲ್ಲಿ ಹೋಗಿ, ಮೆಜೆಸ್ಟಿಕ್ ಹತ್ತಿರ ಅರ್ಧ ದಿನಕ್ಕೆ ರೂಮ್ ಮಾಡಿ ಸ್ನಾನ ಮುಗಿಸಿಕೊಳ್ಳಿ.